ಬ್ರೇಕಕ್ಕನ ಭಾನುವಾರ

ಡ್ರಮ್ಮು ಮನೆಗೆ ಬಂದದ್ದು ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ನಾಲ್ಕು ಸುತ್ತು ಹೊಡೆದು. ಮೊದಲ ಸುತ್ತಿನಲ್ಲಿ ದೊಡ್ಡ ಡ್ರಮ್ಮು ಹಿಂದಿನ ಸೀಟಿನಲ್ಲಿ ಯಜಮಾನನ ಹಾಗೆ ಒಂಟಿಯಾಗಿ ಕೂತು ಬಂತು. ಎರಡನೆಯದರಲ್ಲಿ ಚಿಕ್ಕವು ಮೂರು, ಮೂರನೆಯದರಲ್ಲಿ ಹಿತ್ತಾಳೆಯ ತಟ್ಟೆಗಳು ಮತ್ತು ಅವುಗಳ ಕಬ್ಬಿಣದ ಕಾಲುಗಳು, ನಾಲ್ಕನೆಯದರಲ್ಲಿ ಒಂದು ಗುಂಡು ಸ್ಟೂಲು ಮತ್ತು ಮಾಸಿದ ಕಾರ್ಪೆಟ್ಟು. ಕಾರಿನ ನೆತ್ತಿಯ ಮೇಲೆ ‘ಕಲಿಯುವವರಿದ್ದಾರೆ, ದೂರವಿರಿ’ ಎಂಬ ಹಲಗೆ ಇತ್ತು. ರಸ್ತೆಯವರು ಅದನ್ನು ಓದಿ ದೂರ ಇರಬಹುದಾಗಿತ್ತು. ಮನೆಯವರಿಗೆ ಆ ಅನುಕೂಲವಿರಲಿಲ್ಲ.

ಕಾರು ಓಡಿಸುತ್ತಿದ್ದವಳು ಆ ಮನೆಯ ಸೊಸೆ. ವಯಸ್ಸು ನಲವತ್ತೊಂಬತ್ತು. ಹತ್ತೊಂಬತ್ತು ವರ್ಷದಿಂದ ಊರಿನವರಿಗೆ ಕಾರು ಕಲಿಸುತ್ತಿದ್ದಳು. ಕಲಿಸುವವರು ಕೂರುವ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು ಇರುತ್ತದಲ್ಲ, ಅದರ ಮೇಲೆ ಕಾಲಿಟ್ಟುಕೊಂಡೇ ಅವಳು ಅರ್ಧ ಊರಿನ ಪ್ರಾಣ ಉಳಿಸಿದ್ದಳು. ಹಾಗಾಗಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಬ್ರೇಕಕ್ಕ ಎಂದು.

ಬ್ರೇಕಕ್ಕನಿಗೆ ರಾಕ್ ಸಂಗೀತದ ಹುಚ್ಚು ಹತ್ತಿದ್ದು ಕಾಲೇಜಿನಲ್ಲಿ. ಜೊತೆಗಿದ್ದವರು ಇಬ್ಬರು. ಗಿಟಾರ್ ಹಿಡಿದು ಹಾಡುತ್ತಿದ್ದವಳು ಮುಂದೆ ಔಷಧಿ ಅಂಗಡಿ ಇಟ್ಟಳು. ಅವಳ ಹೆಸರು ಮಾತ್ರೆ ಎಂದಾಯಿತು. ಬೇಸ್ ಗಿಟಾರಿನವಳು ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿ, ಇಪ್ಪತ್ತೈದು ವರ್ಷ ಬಂದವರಿಗೆಲ್ಲ ‘ಶ್’ ಎಂದು ಹೇಳಿ ಹೇಳಿ ತನ್ನ ದನಿಯನ್ನೇ ಇಂಗಿಸಿಕೊಂಡು ಪಿಸುಮಾತು ಆದಳು. ಮದುವೆ, ಮಕ್ಕಳು, ಕೆಲಸ ಎಂದು ನಡುವೆ ಹದಿನೇಳು ವರ್ಷ ಮೂವರೂ ವಾದ್ಯ ಮುಟ್ಟಿರಲಿಲ್ಲ. ಒಂದು ದಿನ ಬ್ರೇಕಕ್ಕ ಕೆಮ್ಮಿನ ಔಷಧಿಗೆಂದು ಮಾತ್ರೆಯ ಅಂಗಡಿಗೆ ಹೋದವಳು ಗಾಜಿನ ಕಟ್ಟೆಯ ಮೇಲೆ ಬೆರಳಲ್ಲಿ ತಾಳ ಹಾಕಿದಳು. ಒಳಗಿನಿಂದ ಮಾತ್ರೆ ಅದಕ್ಕೆ ಸರಿಯಾಗಿ ಗುನುಗಿದಳು. ಅಲ್ಲಿಂದ ಹನ್ನೊಂದು ವರ್ಷ, ಪ್ರತಿ ಭಾನುವಾರ ಮಧ್ಯಾಹ್ನ, ಅಂಗಡಿಯ ಹಿಂದಿನ ಗೋದಾಮಿನಲ್ಲಿ ಹತ್ತಿ, ಬ್ಯಾಂಡೇಜು, ಗ್ಲೂಕೋಸಿನ ಡಬ್ಬಗಳ ನಡುವೆ ಮೂವರೂ ಸೇರಿ ನುಡಿಸಿದರು. ತಂಡಕ್ಕೆ ‘ಮೂರು ಹೊತ್ತು’ ಎಂದು ಹೆಸರಿಟ್ಟುಕೊಂಡರು. ಹೊರಗಿನವರು ಒಬ್ಬರೂ ಕೇಳಿರಲಿಲ್ಲ.

ಈಗ ಕಟ್ಟಡದ ಯಜಮಾನನಿಗೆ ಗೋದಾಮು ಬೇಕಾಯಿತು. ಗಿಟಾರುಗಳೇನೋ ಹೆಗಲಿಗೇರಿ ಅವರವರ ಮನೆಗೆ ಹೋದವು. ಡ್ರಮ್ಮು ಎಲ್ಲಿಗೆ ಹೋಗಬೇಕು?

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನಾಲ್ಕೂ ಸುತ್ತು ನೋಡಿದ ಅತ್ತೆ ಕೊನೆಗೆ ಬಾಯಿ ಬಿಟ್ಟಳು. ಅವಳಿಗೆ ಎಪ್ಪತ್ತಾರು.

“ಏನೇ ಇದು? ಹನ್ನೊಂದು ವರ್ಷದಿಂದ ಭಾನುವಾರ ಹೋಗಿ ಮಾಡ್ತಿದ್ದದ್ದು ಇದನ್ನಾ?”

“ಹೇಳಿದ್ನಲ್ಲ ಅತ್ತೆ, ಸಂಗೀತ ಅಂತ.”

“ನೀನು ಸಂಗೀತ ಅಂದಾಗ ನಾನು ಇಸ್ಪೀಟು ಅಂತ ತಿಳ್ಕೊಂಡಿದ್ದೆ. ಮರ್ಯಾದೆಗೆ ಸಂಗೀತ ಅಂತಿದ್ದಾಳೆ, ಹೋಗಲಿ ಪಾಪ ಅಂತ ಸುಮ್ಮನಿದ್ದೆ.”

ಮನೆಯಲ್ಲಿ ಡ್ರಮ್ಮಿಗೆ ಸಿಕ್ಕಿದ್ದು ನಡುವಿನ ಸಾಮಾನು ಕೋಣೆ. ಹಳೆ ಟ್ರಂಕು, ಮುರಿದ ಫ್ಯಾನು, ಮಗಳ ಸಣ್ಣ ಸೈಕಲ್ಲು ಎಲ್ಲ ಮಂಚದ ಕೆಳಗೆ, ಅಟ್ಟದ ಮೇಲೆ ಚದುರಿದವು. ತೊಡಕಾದದ್ದು ಗೋಡೆ. ಆ ಗೋಡೆಯ ಆಚೆ ಬದಿಗೆ ಗಂಡನ ಕೆಲಸದ ಕೋಣೆ. ಅವನು ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಇವನು ಪ್ಲಾಸ್ಟರು ಹುಯ್ದು, ಮೇಣದಲ್ಲಿ ಹಲ್ಲು ಒಂದೊಂದಾಗಿ ಕೂರಿಸಿ, ಗುಲಾಬಿ ವಸಡು ಕಟ್ಟಿ, ಉಜ್ಜಿ ಹೊಳಪು ಕೊಟ್ಟು ಕಳಿಸುತ್ತಿದ್ದ. ಸಿದ್ಧವಾದ ಸೆಟ್ಟುಗಳು ಅದೇ ಗೋಡೆಗೆ ಹೊಡೆದ ಹಲಗೆಯ ಮೇಲೆ ಸಾಲಾಗಿ ಕೂರುತ್ತಿದ್ದವು. ಇಪ್ಪತ್ತೆಂಟು ವರ್ಷದಿಂದ ಅವನು ಅಲ್ಲಿ ಮಾತಿಲ್ಲದೆ ಕೆಲಸ ಮಾಡಿದ್ದ.

ಆ ಸಂಜೆ ಊಟಕ್ಕೆ ಕೂತಾಗ ಬ್ರೇಕಕ್ಕ ವಿಷಯ ತೆಗೆದಳು. ಬೇಯಿಸಿದ ಆಲೂಗಡ್ಡೆ, ಅನ್ನ, ಬೀನ್ಸು. ಗಂಡ ಬೀನ್ಸನ್ನು ಉದ್ದದ ಪ್ರಕಾರ ಜೋಡಿಸಿಕೊಂಡು ತಿನ್ನುವವನು.

“ಇನ್ನು ಆರು ವಾರಕ್ಕೆ ಗ್ರಂಥಾಲಯಕ್ಕೆ ಐವತ್ತು ವರ್ಷ ತುಂಬುತ್ತಂತೆ ರೀ. ಅಂಗಳದಲ್ಲಿ ಕಾರ್ಯಕ್ರಮ. ಪಿಸುಮಾತು ಅಲ್ಲಿನ ಸಾಹೇಬರನ್ನ ಕೇಳಿ ನಮಗೆ ಅರ್ಧ ಗಂಟೆ ಕೊಡಿಸಿದ್ದಾಳೆ.”

“ನಿಮಗೆ ಅಂದ್ರೆ?” ಎಂದಳು ಮಗಳು. ಅವಳಿಗೆ ಇಪ್ಪತ್ತು, ಕಟ್ಟಡ ಕಟ್ಟುವ ಇಂಜಿನಿಯರಿಂಗ್ ಓದುತ್ತಿದ್ದಳು.

“ನಮ್ಮ ತಂಡಕ್ಕೆ.”

“ಅಮ್ಮಾ! ನಮ್ಮ ಕ್ಲಾಸಿನವರೆಲ್ಲ ಅದೇ ಲೈಬ್ರರಿಗೆ ಬರೋದು!”

“ಬರಲಿ, ಒಳ್ಳೆಯದಾಯ್ತಲ್ಲ.”

“ಸಾಹೇಬರಿಗೆ ಗೊತ್ತಾ ಇದು ಈ ಥರ ಸಂಗೀತ ಅಂತ?” ಗಂಡ ಕೇಳಿದ.

“ಪಿಸುಮಾತು ಅವರ ಹತ್ತಿರ ಮೆಲ್ಲಗೆ ಹೇಳಿದ್ಲಂತೆ. ಸಂಗೀತ ಅನ್ನೋದಷ್ಟೇ ಅವರಿಗೆ ಕೇಳಿಸಿರಬೇಕು.”

ಗಂಡ ಉದ್ದನೆಯ ಬೀನ್ಸು ಮುಗಿಸಿ, ಸಣ್ಣದಕ್ಕೆ ಕೈ ಹಾಕಿ, ಯೋಚಿಸಿದ. “ಸಂಜೆ ಐದರಿಂದ ಆರು. ನಾನು ಡಾಕ್ಟರುಗಳಿಗೆ ಮಾಲು ಕೊಡೋಕೆ ಹೋಗೋ ಹೊತ್ತು. ಭಾನುವಾರ ಮೂರರಿಂದ ಐದು. ಅದರಾಚೆಗೆ ಬೇಡ.”

“ಸಂಜೆ ಅಡುಗೆ?” ಅತ್ತೆ ಕೇಳಿದಳು.

ಮಗಳು ತಟ್ಟೆ ನೋಡಿದಳು.

“ನಾನೇ ಮಾಡ್ತೀನಿ ಬಿಡಿ,” ಎಂದ ಗಂಡ. “ಹಲ್ಲು ಮಾಡೋನಿಗೆ ಅದನ್ನ ಆಡಿಸೋಕೆ ಒಂದಿಷ್ಟು ಕೊಡೋಕೆ ಬರಲ್ವಾ?”

ಬರಲಿಲ್ಲ. ಮೊದಲ ವಾರವೆಲ್ಲ ಅವನು ಅಡುಗೆಯನ್ನೂ ಪ್ಲಾಸ್ಟರಿನ ಹಾಗೆ ಅಳೆದು ಕಲಸಿದ. ಅನ್ನ ಅಚ್ಚಿನಿಂದ ತೆಗೆದ ಹಾಗೆ ಪಾತ್ರೆಯ ಆಕಾರದಲ್ಲೇ ಹೊರಬರುತ್ತಿತ್ತು. “ಇದನ್ನ ಕಚ್ಚೋಕೆ ನೀನು ಮಾಡಿಕೊಟ್ಟ ಹಲ್ಲು ಸಾಲದು ಕಣೋ,” ಎಂದು ಅತ್ತೆ ಸೆಟ್ಟು ತೆಗೆದು ತಟ್ಟೆಯ ಪಕ್ಕ ಇಟ್ಟು ಹಾಲಿನಲ್ಲಿ ಬ್ರೆಡ್ಡು ನೆನೆಸಿಕೊಂಡಳು. ಎರಡನೆಯ ವಾರಕ್ಕೆ ಅವನ ಕೈ ಹದಕ್ಕೆ ಬಂತು. ಈರುಳ್ಳಿಯನ್ನು ಅವನು ಹೆಚ್ಚಿದಷ್ಟು ಸಣ್ಣಗೆ ಆ ಮನೆಯಲ್ಲಿ ಯಾರೂ ಹೆಚ್ಚಿರಲಿಲ್ಲ. ಹೆಚ್ಚುವುದಕ್ಕೇ ಮುಕ್ಕಾಲು ಗಂಟೆ.

ಬ್ರೇಕಕ್ಕ ಕೆಲಸದಿಂದ ಬಂದು, ಮುಖ ತೊಳೆದು, ಚೂಡಿದಾರದ ತೋಳು ಮಡಚಿ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಇಡೀ ದಿನ ಬೇರೆಯವರ ಗಾಬರಿಯನ್ನು ತನ್ನ ಬಲಗಾಲಿನಿಂದ ತಡೆದು ಬಂದವಳು. ಈಗ ಅದೇ ಕಾಲಿನಿಂದ ದೊಡ್ಡ ಡ್ರಮ್ಮಿನ ಪೆಡಲನ್ನು ಒದೆಯುವಾಗ ಅವಳಿಗೆ ತಡೆಯುವ ಕೆಲಸದಿಂದ ಬಿಡುಗಡೆ ಸಿಕ್ಕಂತಾಗುತ್ತಿತ್ತು. ಹತ್ತು ನಿಮಿಷಕ್ಕೆ ಬೆವರು, ಹದಿನೈದಕ್ಕೆ ಏದುಸಿರು. ಈಚೀಚೆಗೆ ಕಾರಣವಿಲ್ಲದೆಯೂ ಮೈ ಕಾದು ಬೆವರುವ ವಯಸ್ಸು ಬೇರೆ. ಒದ್ದೆ ಟವೆಲ್ಲು ಕುತ್ತಿಗೆಗೆ ಸುತ್ತಿಕೊಂಡು ಮತ್ತೆ ಬಾರಿಸುತ್ತಿದ್ದಳು. ಮಗಳು ಕಿವಿಗೆ ಹತ್ತಿ ತುರುಕಿಕೊಂಡು, ಅದರ ಮೇಲೆ ಹೆಡ್‌ಫೋನು ಹಾಕಿ, ಅದರ ಮೇಲೆ ದಿಂಬು ಒತ್ತಿಕೊಂಡು ಓದುತ್ತಿದ್ದಳು.

ಭಾನುವಾರ ಉಳಿದಿಬ್ಬರೂ ಬಂದರು. ಮಾತ್ರೆಯದೇ ರಚನೆಯ ಒಂದು ಹಾಡು ಅವರ ಹೆಮ್ಮೆ: ‘ಊಟಕ್ಕೆ ಮುಂಚೆ ಒಂದು, ಊಟದ ಮೇಲೆ ಎರಡು, ಚೆನ್ನಾಗಿ ಅಲ್ಲಾಡಿಸಿ!’ ಎಂದು ಅವಳು ಕುತ್ತಿಗೆಯ ನರ ಉಬ್ಬಿಸಿ ಕೂಗುತ್ತಿದ್ದಳು. ಪಿಸುಮಾತು ಕಣ್ಣು ಮುಚ್ಚಿ, ಮೊಣಕಾಲು ಅಲುಗಿಸುತ್ತಾ, ಮನೆಯ ನೆಲದೊಳಗಿಂದ ಬಂದ ಹಾಗೆ ಬೇಸ್ ನುಡಿಸುತ್ತಿದ್ದಳು. ಗೋಡೆಯ ಆಚೆ, ಹಲಗೆಯ ಮೇಲೆ, ಇಪ್ಪತ್ತು ಮೂವತ್ತು ಸೆಟ್ಟು ಹಲ್ಲುಗಳು ಒಟ್ಟಿಗೆ ತಕತಕ ಕಟಕಟ ಎಂದು ಕಡಿಯುತ್ತಿದ್ದವು. ಗಂಡ ಅವುಗಳನ್ನು ಆಗಾಗ ಹಿಂದಕ್ಕೆ ತಳ್ಳಿ ಬರುತ್ತಿದ್ದ.

ಮೂರನೆಯ ವಾರ ಆದದ್ದು ಆಯಿತು. ಬುಧವಾರ ಸಂಜೆ ಅವನು ಮಾಲು ಕೊಡಲು ಹೋಗಿ ಬರುವಷ್ಟರಲ್ಲಿ, ಹಲಗೆಯ ತುದಿಯಲ್ಲಿದ್ದ ಒಂದು ಸೆಟ್ಟು ಇಂಚಿಂಚೇ ನಡೆದುಕೊಂಡು ಬಂದು ಸಿಮೆಂಟು ನೆಲಕ್ಕೆ ಬಿದ್ದು ಎರಡು ಹೋಳಾಗಿತ್ತು. ಮೊಮ್ಮಗಳ ಮದುವೆಯಲ್ಲಿ ಹಾಕಿಕೊಂಡು ನಗಬೇಕು ಎಂದು ಎರಡು ತಿಂಗಳಿಂದ ಕಾದಿದ್ದ ಒಬ್ಬ ಮುದುಕರದು. ಮದುವೆ ಶನಿವಾರ.

ಬ್ರೇಕಕ್ಕ ಟವೆಲ್ಲಿನಲ್ಲಿ ಮುಖ ಒರೆಸುತ್ತಾ ಹೊರಬಂದಾಗ ಗಂಡ ಎರಡೂ ಹೋಳು ಕೈಯಲ್ಲಿ ಹಿಡಿದು ನಿಂತಿದ್ದ.

“ನೋಡು.”

“ಅಯ್ಯೋ! ತಪ್ಪಾಯ್ತು ರೀ.”

“ತಪ್ಪಾಯ್ತು ಅಂದ್ರೆ ಅಂಟ್ಕೊಳ್ಳುತ್ತಾ ಇದು? ನಾಲ್ಕು ದಿನದ ಕೆಲಸ. ಒಂದೊಂದು ಹಲ್ಲಿಗೂ ಅವರ ಹಳೇ ಫೋಟೋ ನೋಡಿ ಓರೆ ಹಿಡಿದಿದ್ದೆ.” ಅವನ ದನಿ ಏರಿತು. ಮದುವೆಯಾದಮೇಲೆ ಅವನು ಹಾಗೆ ಕೂಗಿದ್ದು ಎರಡನೆಯ ಸಲವೋ ಮೂರನೆಯ ಸಲವೋ. “ಐವತ್ತು ಹತ್ತಿರ ಬಂತು ನಿನಗೆ. ಈ ವಯಸ್ಸಲ್ಲಿ ಇದೆಲ್ಲ ಬೇಕಾ? ನೋಡಿದವರು ಏನಂದ್ಕೋತಾರೆ?”

ಬ್ರೇಕಕ್ಕ ಟವೆಲ್ಲು ಮಡಚಿದಳು. “ಒಡೆದದ್ದಕ್ಕೆ ಬೈಯಿರಿ, ನಿಂತು ಕೇಳ್ತೀನಿ. ವಯಸ್ಸಿಗೆ ಬೈಬೇಡಿ. ಅದು ನಾನು ಒಡೆದದ್ದಲ್ಲ.”

“ನಾನು ಹಾಗಂದಿಲ್ಲ.”

“ಅಂದ್ರಿ. ಅತ್ತೆ ಕೇಳಿಸ್ಕೊಂಡಿದ್ದಾರೆ.”

“ನಾನ್ಯಾಕೆ ಮಧ್ಯೆ ಬರಲಿ?” ಎಂದಳು ಅತ್ತೆ ಕಿಟಕಿಯ ಮೂಲೆಯಿಂದ. “ಅಂದದ್ದೇನೋ ಹೌದು.”

ಆ ದಿನ ಬ್ರೇಕಕ್ಕ ಡ್ರಮ್ಮಿನ ಮೇಲೆ ಎರಡು ಹಳೆ ಬೆಡ್‌ಶೀಟು ಹೊದಿಸಿದಳು. ಮಾರನೆಯ ದಿನದಿಂದ ಸಂಜೆ ಅಡುಗೆಗೆ ತಾನೇ ನಿಂತಳು. ಊಟ ರುಚಿಯಾಗಿತ್ತು, ಹೊತ್ತಿಗೆ ಸರಿಯಾಗಿತ್ತು, ಮತ್ತು ಯಾರಿಗೂ ಗಂಟಲಲ್ಲಿ ಇಳಿಯಲಿಲ್ಲ. “ಉಪ್ಪು ಬೇಕಾ?” “ಸಾಕು.” “ಇನ್ನೊಂದು ಹಿಡಿ ಅನ್ನ?” “ಬೇಡ.” ಅಷ್ಟೇ ಮಾತು. ಗಂಡ ಎರಡು ದಿನ ಬೇರೆ ಕೆಲಸ ಬಿಟ್ಟು ಆ ಸೆಟ್ಟನ್ನೇ ಹೊಸದಾಗಿ ಮಾಡಿ ಶುಕ್ರವಾರ ತಾನೇ ಕೊಟ್ಟುಬಂದ. ಬೆಡ್‌ಶೀಟು ಹೊದ್ದ ಡ್ರಮ್ಮಿನ ಮೇಲೆ ಅತ್ತೆ ತನ್ನ ರವಿಕೆಗಳನ್ನು ಒಣಹಾಕತೊಡಗಿದಳು.

ಕೆಲಸದ ಹೊತ್ತಿನಲ್ಲಿ, ಒಬ್ಬ ಕಲಿಯುವವನು ಹೋಗಿ ಇನ್ನೊಬ್ಬ ಬರುವ ನಡುವೆ, ಬ್ರೇಕಕ್ಕ ನಿಂತ ಕಾರಿನಲ್ಲಿ ಕೂತು ಕಾಲಿನಲ್ಲಿ ಬ್ರೇಕು ಒತ್ತುತ್ತಾ, ಡ್ಯಾಶ್‌ಬೋರ್ಡಿನ ಮೇಲೆ ಕೈ ಆಡಿಸುತ್ತಿದ್ದಳು. ಅವಳಿಗೇ ಗೊತ್ತಿಲ್ಲದೆ. ಬೆಳಿಗ್ಗೆ ಹತ್ತರ ಬ್ಯಾಚಿನ ಹೆಂಗಸು ಕಿಟಕಿ ತಟ್ಟಿ, “ಕಾರು ಕೆಟ್ಟಿದೆಯಾ ಮೇಡಂ?” ಎಂದು ಕೇಳಿದಾಗಲೇ ಅವಳು ನಿಲ್ಲಿಸಿದ್ದು.

‘ಬೇರೆ ಯಾರನ್ನಾದರೂ ನೋಡಿಕೊಳ್ಳಿ’ ಎಂದು ಬ್ರೇಕಕ್ಕ ಫೋನಿನಲ್ಲಿ ಹೇಳಿದ್ದಕ್ಕೆ ಮಾತ್ರೆ ತನ್ನ ಅಂಗಡಿ ಮುಚ್ಚಿ ಸೀದಾ ಮನೆಗೇ ಬಂದಳು. ಚಪ್ಪಲಿ ಕೂಡ ಬಿಡಲಿಲ್ಲ.

“ಬೇರೆಯವರನ್ನ ನೋಡ್ಕೊಳ್ಳೋಕೆ ಇದೇನು ತಲೆನೋವಿನ ಗುಳಿಗೆನಾ, ಈ ಕಂಪನಿದು ಇಲ್ಲ, ಆ ಕಂಪನಿದು ಕೊಡ್ಲಾ ಅನ್ನೋಕೆ? ಹನ್ನೊಂದು ವರ್ಷ ಕಣೇ! ನೀನು ಯಾವಾಗ ತಪ್ಪು ಮಾಡ್ತೀಯ ಅಂತ ನನಗೆ ಮೊದಲೇ ಗೊತ್ತಾಗುತ್ತೆ. ಹೊಸಬರ ತಪ್ಪು ನಾನು ಯಾವಾಗ ಕಲೀಲಿ?”

“ಜೋರಾಗಿ ಮಾತಾಡಬೇಡ. ಅವರು ಕೆಲಸ ಮಾಡ್ತಿದ್ದಾರೆ.”

“ಮಾಡಲಿ! ನಿಮ್ಮ ಮನೇಲಿ ಮೂವತ್ತು ಬಾಯಿ ಇದೆ, ಒಂದಕ್ಕೂ ಮಾತು ಬರಲ್ಲ. ನಾನಾದ್ರೂ ಆಡ್ತೀನಿ!”

ಒಳಗೆ ಉಜ್ಜುವ ಯಂತ್ರ ನಿಂತಿತು. ಸ್ವಲ್ಪ ಹೊತ್ತಿನಮೇಲೆ ಮತ್ತೆ ಶುರುವಾಯಿತು.

ದಾರಿ ತೋರಿಸಿದವಳು ಮಗಳು. ಅವಳಿಗೆ ಅಮ್ಮನ ಡ್ರಮ್ಮಿಗಿಂತ ಅಮ್ಮನ ಮೌನ ಹೆಚ್ಚು ತೊಂದರೆ ಕೊಟ್ಟಿತ್ತು. ಹತ್ತಿಯಿಂದ ತಡೆಯುವಂಥದ್ದಲ್ಲ ಅದು. ಶನಿವಾರ ಮಧ್ಯಾಹ್ನ ಆರು ಗಾಜಿನ ಲೋಟಗಳಿಗೆ ಅಂಚಿನ ತನಕ ನೀರು ತುಂಬಿ, ಮನೆಯ ಒಂದೊಂದು ಗೋಡೆಯ ಬುಡಕ್ಕೂ ಒಂದೊಂದು ಇಟ್ಟಳು.

“ಅಮ್ಮ, ದೊಡ್ಡದನ್ನ ಒದಿ.”

“ಬೇಡಮ್ಮ.”

“ಸಂಗೀತ ಬಾರಿಸು ಅಂದೆನಾ? ಒದಿ ಅಂದೆ. ಇದು ಓದಿನ ವಿಷಯ.”

ಬ್ರೇಕಕ್ಕ ರವಿಕೆಗಳನ್ನು ತೆಗೆದಿಟ್ಟು ಒದ್ದಳು. ದಂ, ದಂ, ದಂ. ಮಗಳು ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಒಂದೊಂದೇ ಲೋಟ ನೋಡುತ್ತಾ ಹೋದಳು. ಬಾಗಿಲಲ್ಲಿ ಗಂಡ ಕೈ ಕಟ್ಟಿ ನಿಂತಿದ್ದ. ಐದು ಲೋಟದ ನೀರು ಚೆಲ್ಲಿತು. ಆರನೆಯದು ಕದಲಲಿಲ್ಲ.

“ಅಪ್ಪ, ಡ್ರಮ್ಮು ಯಾಕೆ ಹೋಗಬೇಕು? ಹಲ್ಲೇ ಹೋಗಲಿ. ಈ ಗೋಡೆ ಆಮೇಲೆ ಕಟ್ಟಿದ್ದು, ಇದರ ಪಾಯಾನೇ ಬೇರೆ. ನಿಮ್ಮ ಮೇಜು, ಹಲಗೆ ಎಲ್ಲ ಇಲ್ಲಿಗೆ ಬಂದ್ರೆ ಏನೂ ಆಗಲ್ಲ. ಬೆಳಕೂ ಚೆನ್ನಾಗಿದೆ.”

ಗಂಡ ಹೋಗಿ ಬಗ್ಗಿ ಆ ಲೋಟ ನೋಡಿದ. “ಇನ್ನೊಂದು ಸಲ ಒದಿ,” ಎಂದ ಹೆಂಡತಿಗೆ. ಬುಧವಾರದಿಂದ ಈಚೆಗೆ ಅವನು ಅವಳೊಡನೆ ಆಡಿದ ಮೊದಲ ನೇರ ಮಾತು.

ಅವಳು ಬಲವಾಗಿ ಒದ್ದಳು. ನೀರು ಅಲ್ಲಾಡಲಿಲ್ಲ.

“ಅದು ನನ್ನ ಕಿಟಕಿ,” ಎಂದಳು ಅತ್ತೆ.

ಎಲ್ಲರೂ ತಿರುಗಿದರು. ಹೌದು, ಆ ಗೋಡೆಗೆ ತಾಗಿದ್ದದ್ದು ಅತ್ತೆಯ ಮಂಚ. ಅಲ್ಲಿ ಕೂತು ಅವಳು ಬೀದಿಯ ಸಮಸ್ತ ಆಗುಹೋಗುಗಳನ್ನು ನೋಡುತ್ತಿದ್ದಳು: ಯಾರ ಮನೆಗೆ ಯಾರು ಬಂದರು, ಯಾರ ಕೈಯಲ್ಲಿ ಯಾವ ಚೀಲ.

“ಅಜ್ಜಿ, ಮುಂದಿನ ಕೋಣೆಗೂ ಕಿಟಕಿ ಇದೆಯಲ್ಲ?”

“ಅದರಿಂದ ಎದುರು ಮನೆ ಗೋಡೆ ಕಾಣುತ್ತೆ. ಗೋಡೆ ನನಗೇನು ಸುದ್ದಿ ಹೇಳುತ್ತೆ?”

ಯಾರೂ ಒತ್ತಾಯ ಮಾಡಲಿಲ್ಲ. ಅತ್ತೆ ಭಾನುವಾರವೆಲ್ಲ ಕಿಟಕಿಯಲ್ಲೇ ಕೂತಳು. ಸೋಮವಾರ ಬೆಳಿಗ್ಗೆ ಬ್ರೇಕಕ್ಕ ಕಾರಿನ ಕೀಲಿ ಹುಡುಕುತ್ತಿದ್ದಾಗ, ಕೀಲಿ ಅತ್ತೆಯ ಕೈಯಲ್ಲಿತ್ತು.

“ಕಿಟಕಿ ಬಿಡ್ತೀನಿ. ಒಂದು ಷರತ್ತು.”

“ಹೇಳಿ ಅತ್ತೆ.”

“ನನಗೆ ಕಾರು ಓಡಿಸೋದು ಕಲಿಸು.”

ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದಾಯಿತು, ಗಂಡ ಕೇಳಿಸಿಕೊಂಡಿದ್ದ. “ಅಮ್ಮ, ನಿನಗೆ ಎಪ್ಪತ್ತಾರು!” ಎಂದು ಓಡಿಬಂದ.

“ಒಡೆದದ್ದಕ್ಕೆ ಬೈಯಿ,” ಎಂದಳು ಅತ್ತೆ. “ಇನ್ನೂ ಏನೂ ಒಡೆದಿಲ್ಲ.”

ಮುಚ್ಚಿಹೋದ ಒಂದು ಮರದ ಮಿಲ್ಲಿನ ಹಿಂದಿನ ಖಾಲಿ ಬಯಲಿಗೆ, ಮಾರನೆಯ ದಿನ ಬೆಳಿಗ್ಗೆ ಆರೂವರೆಗೆ, ಬ್ರೇಕಕ್ಕ ಅತ್ತೆಯನ್ನು ಕರೆದುಕೊಂಡು ಹೋದಳು. ಸೀಟು ಮುಂದಕ್ಕೆ ಎಳೆದು, ಬೆನ್ನಿಗೆ ದಿಂಬು ಕೊಟ್ಟಳು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟಿಯರಿಂಗನ್ನು ಪಾತ್ರೆಯ ಹಾಗೆ ಎರಡೂ ಕೈಯಲ್ಲಿ ಅವುಚಿ ಹಿಡಿದಳು.

“ಕ್ಲಚ್ ಮೆಲ್ಲಗೆ ಬಿಡಿ ಅತ್ತೆ. ಮೆಲ್ಲಗೆ.”

ಕಾರು ಕಪ್ಪೆಯ ಹಾಗೆ ಹಾರಿ ಸತ್ತಿತು.

“ನಾನು ಮೆಲ್ಲಗೇ ಬಿಟ್ಟೆ. ಅದಕ್ಕೇ ಅವಸರ.”

ಏಳು ಸಲ ಸತ್ತಿತು. ಎಂಟನೆಯ ಸಲ ಹೊರಟಿತು. ನಡೆಯುವವರ ವೇಗದಲ್ಲಿ ಬಯಲನ್ನು ಒಂದು ಪೂರ್ತಿ ಸುತ್ತು ಹಾಕಿತು. ಅತ್ತೆ ಉಸಿರು ಬಿಗಿಹಿಡಿದು, ತುಟಿ ಒಳಗೆಳೆದುಕೊಂಡು, ನೇರ ಮುಂದೆ ನೋಡುತ್ತಿದ್ದಳು.

“ನಿಮ್ಮ ಮಾವ ಮೂವತ್ತು ವರ್ಷ ಕಾರು ಓಡಿಸಿದ್ರು,” ಎಂದಳು ಎರಡನೆಯ ಸುತ್ತಿನಲ್ಲಿ. “ನಾನು ಮೂವತ್ತು ವರ್ಷ ಪಕ್ಕದಲ್ಲಿ ಅವರ ತಿಂಡಿ ಡಬ್ಬಿ ಮಡಿಲಲ್ಲಿಟ್ಕೊಂಡು ಕೂತಿದ್ದೆ. ಒಂದು ಸಲ ಕೇಳಿದೆ. ನಕ್ಕರು. ಕೆಟ್ಟ ನಗು ಅಲ್ಲ. ಆದ್ರೂ ಮತ್ತೆ ಕೇಳಲಿಲ್ಲ.”

“ಈಗ ಎರಡನೇ ಗೇರು ಹಾಕೋಣ,” ಎಂದಳು ಬ್ರೇಕಕ್ಕ.

“ಅಷ್ಟು ಜೋರಾ?”

“ನಾನು ಪಕ್ಕದಲ್ಲೇ ಇದ್ದೀನಲ್ಲ.”

ಎರಡನೇ ಗೇರಿನಲ್ಲಿ ಅತ್ತೆ “ಅಯ್ಯಯ್ಯಯ್ಯೋ” ಎಂದು ಕೂಗಿದಳು. ಹೆದರಿಕೆಯೋ ಖುಷಿಯೋ ಬ್ರೇಕಕ್ಕನಿಗೆ ಗೊತ್ತಾಗಲಿಲ್ಲ. ಬ್ರೇಕಿನ ಮೇಲಿಟ್ಟ ಕಾಲನ್ನು ಮಾತ್ರ ಅವಳು ಒತ್ತಲಿಲ್ಲ. ಐದು ಸುತ್ತಾದ ಮೇಲೂ ಅತ್ತೆ ಇಳಿಯಲು ಒಪ್ಪದೆ, ಎಂಟು ಗಂಟೆಯ ಕಲಿಯುವವನು ಅವತ್ತು ಇಪ್ಪತ್ತು ನಿಮಿಷ ಕಾದ.

ಮುಂದಿನ ಭಾನುವಾರ ಮನೆಯ ಅರ್ಧ ಸಾಮಾನು ಬೀದಿಗೆ ಬಂತು. ಮಾತ್ರೆ, ಪಿಸುಮಾತು ಇಬ್ಬರೂ ಮಂಚ ಹೊರಲು ಸೇರಿದರು. ಅತ್ತೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು “ಎಡಕ್ಕೆ, ಎಡಕ್ಕೆ, ಸ್ವಲ್ಪ ರಿವರ್ಸು” ಎಂದು ಹೊಸ ಭಾಷೆಯಲ್ಲಿ ನಿರ್ದೇಶನ ಕೊಟ್ಟಳು. ಹಲ್ಲಿನ ಸೆಟ್ಟುಗಳನ್ನು ಮಗಳು ಮೊಟ್ಟೆಯ ಟ್ರೇಗಳಲ್ಲಿಟ್ಟು ಸಾಗಿಸಿದಳು. ಗಂಡ ಹೊಸ ಹಲಗೆಗೆ ಅಂಚಿನುದ್ದಕ್ಕೂ ಒಂದು ಸಣ್ಣ ಪಟ್ಟಿ ಹೊಡೆದ, ಯಾವುದೂ ಜಾರದ ಹಾಗೆ. ಬ್ರೇಕಕ್ಕ ಮೊಳೆ ಎತ್ತಿಕೊಡುತ್ತಿದ್ದಳು.

“ಆ ದಿನ ವಯಸ್ಸಿನ ಮಾತು ತೆಗೀಬಾರದಿತ್ತು,” ಎಂದ ಅವನು, ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡೇ.

“ಏನಂದ್ರಿ? ಕೇಳಿಸಲಿಲ್ಲ.”

ಅವನು ಮೊಳೆ ತೆಗೆದು ಮತ್ತೊಮ್ಮೆ ಹೇಳಿದ. ಅವಳಿಗೆ ಮೊದಲ ಸಲವೇ ಕೇಳಿಸಿತ್ತು. “ಪಟ್ಟಿ ಸ್ವಲ್ಪ ಓರೆಯಾಗಿದೆ,” ಎಂದಳು.

“ಎಲ್ಲಿ?” ಎಂದು ಅವನು ಗಾಬರಿಯಿಂದ ಬಗ್ಗಿ ನೋಡಿದ. ಓರೆಯಿರಲಿಲ್ಲ. ಇಬ್ಬರೂ ನಕ್ಕರು.

ಉಳಿದ ಎರಡು ವಾರ ಸಂಜೆಯ ಅಡುಗೆ ಮತ್ತೆ ಅವನದಾಯಿತು. ಮಗಳು ಪಾತ್ರೆ ತೊಳೆದಳು. ಅಮ್ಮ ಕಾರ್ಯಕ್ರಮಕ್ಕೆ ಏನು ಉಡಬೇಕು ಎಂಬುದರ ಮೇಲೆ ಮೂರು ದಿನ ಜಗಳ ನಡೆದು, ಕೊನೆಗೆ ಕಪ್ಪು ಪ್ಯಾಂಟು ಮತ್ತು ಅಪ್ಪನ ಹಳೆ ಬಿಳಿ ಅಂಗಿಗೆ ಒಪ್ಪಂದವಾಯಿತು.

ಗ್ರಂಥಾಲಯದ ಅಂಗಳದಲ್ಲಿ ನೂರು ಕುರ್ಚಿ ಹಾಕಿದ್ದರು. ಎರಡು ಭಾಷಣ ಮುಗಿದು, ಸಾಹೇಬರು “ಈಗ ಮನಸ್ಸಿಗೆ ಮುದ ನೀಡುವ ಮಧುರ ಸಂಗೀತ” ಎಂದು ಹೇಳಿ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತರು. ಅತ್ತೆ, ಮಗಳು, ಗಂಡ ಮೂರನೆಯ ಸಾಲು. ಹಿಂದೆ ಮಗಳ ಕ್ಲಾಸಿನವರು ಒಂದು ಗುಂಪು.

ಬ್ರೇಕಕ್ಕ ಹನ್ನೊಂದು ವರ್ಷ ಗ್ಲೂಕೋಸಿನ ಡಬ್ಬಗಳಿಗೆ ಬಾರಿಸಿದವಳು, ಡಬ್ಬಗಳಿಗೆ ಕಣ್ಣಿರಲಿಲ್ಲ. ಕೋಲು ಎತ್ತಿ ನಾಲ್ಕು ಎಣಿಸಿದಳು. ಎಣಿಸಿದ್ದೇ ಜೋರಾಯಿತು. ಹಾಡು ಇಳಿಜಾರಿನಲ್ಲಿ ಬಿಟ್ಟ ಗಾಡಿಯ ಹಾಗೆ ಓಡಿತು. ಮಾತ್ರೆ ಪದಗಳನ್ನು ನುಂಗುತ್ತಾ ಬೆನ್ನಟ್ಟಿದಳು, ಪಿಸುಮಾತಿನ ಬೆರಳುಗಳು ಸಿಕ್ಕಿಕೊಂಡವು. ಎರಡನೆಯ ಚರಣದ ನಡುವೆ ಒಬ್ಬರಿಗೊಬ್ಬರು ಸಿಗದೆ ಮೂವರೂ ನಿಂತುಬಿಟ್ಟರು.

ಅಂಗಳದಲ್ಲಿ ಸೊಳ್ಳೆಯ ಸದ್ದು ಕೇಳುವಷ್ಟು ಮೌನ. ಗ್ರಂಥಾಲಯಕ್ಕೆ ಅದು ಒಗ್ಗಿದ ಮೌನವೇ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಪಿಸುಮಾತು ಅಳುವ ಮುಖ ಮಾಡಿ ಹಿಂತಿರುಗಿದಳು.

ಆ ಮುಖ ಬ್ರೇಕಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಹತ್ತೊಂಬತ್ತು ವರ್ಷದಿಂದ ಪ್ರತಿ ದಿನ ನೋಡಿದ್ದಳು, ನಡುರಸ್ತೆಯಲ್ಲಿ, ಹಿಂದೆ ಇಪ್ಪತ್ತು ಗಾಡಿ ಹಾರ್ನು ಹೊಡೆಯುವಾಗ. ಅವಳ ದನಿ ತಾನಾಗಿ ಹೊರಟಿತು.

“ಏನೂ ಆಗಿಲ್ಲ.  ಗಾಡಿ ಆಫ್ ಆಗಿದೆ, ಅಷ್ಟೇ. ಹಿಂದಿನವರ ಹಾರ್ನು ಕೇಳಿಸ್ಕೋಬೇಡಿ. ನ್ಯೂಟ್ರಲ್‌ಗೆ ತನ್ನಿ. ಉಸಿರು ಬಿಡಿ. ಈ ಹಾಡು ಬೇಡ, ಎರಡನೇದಕ್ಕೆ ಹೋಗೋಣ.”

ತನ್ನ ಮುಂದೆಯೂ ಒಂದು ಮೈಕು ಇದೆ ಎಂಬುದನ್ನು ಅವಳು ಮರೆತಿದ್ದಳು. ಅಂಗಳಕ್ಕೆಲ್ಲ ಕೇಳಿಸಿತು. ನೂರು ಜನರಲ್ಲಿ ಮೂವತ್ತು ಜನರಾದರೂ ಅವಳ ಪಕ್ಕ ಕೂತು ಬೆವರಿ ಇದೇ ಮಾತು ಕೇಳಿಸಿಕೊಂಡವರೇ. ಮೊದಲು ಒಬ್ಬರು ನಕ್ಕರು, ಆಮೇಲೆ ಇಡೀ ಅಂಗಳ ನಕ್ಕಿತು. “ಬ್ರೇಕಕ್ಕಾ, ಬಿಡಿ ಕ್ಲಚ್ಚು!” ಎಂದು ಒಬ್ಬ ಕೂಗಿದ. ಚಪ್ಪಾಳೆ ಬಿತ್ತು.

ಎರಡನೆಯದು ಮಾತ್ರೆಯ ಹಾಡು. ಈ ಸಲ ಬ್ರೇಕಕ್ಕ ಮನೆಯ ಸ್ಟೂಲಿನ ಮೇಲೆ ಕೂತ ಹಾಗೆ ಕೂತು, ಕಾಲಿನ ಭಾರ ಪೂರ್ತಿ ಕೊಟ್ಟು, ನಿಧಾನವಾಗಿ ಹೊರಟಳು. ದಂ. ದಂ ದಂ. ಬೇಸ್ ಬಂದು ಕೂಡಿಕೊಂಡಿತು. ‘ಚೆನ್ನಾಗಿ ಅಲ್ಲಾಡಿಸಿ!’ ಎಂದು ಮಾತ್ರೆ ಕೂಗಿದಾಗ ಮಗಳ ಕ್ಲಾಸಿನವರು ಎದ್ದು ನಿಂತರು. ಮಗಳು ಒಂದು ಗಳಿಗೆ ಮುಖ ಮುಚ್ಚಿಕೊಂಡಳು, ಆಮೇಲೆ ಬೆರಳ ಸಂದಿಯಲ್ಲಿ ನೋಡಿದಳು, ಆಮೇಲೆ ಎದ್ದು ಅವರ ನಡುವೆ ಹೋದಳು. ಸಾಹೇಬರು ಕಾಲು ಒಳಗೆಳೆದುಕೊಂಡು ನೆಟ್ಟಗೆ ಕೂತಿದ್ದರು. ನಾಲ್ಕನೆಯ ಹಾಡಿಗೆ ಅವರ ಬೂಟಿನ ತುದಿ ಅಲುಗುತ್ತಿತ್ತು. ಅತ್ತೆ ಸ್ಟಿಯರಿಂಗ್ ಹಿಡಿದವಳ ಹಾಗೆ ಎರಡೂ ಕೈ ಮುಂದೆ ಚಾಚಿ ಕೂತಿದ್ದಳು. ಬ್ರೇಕಕ್ಕ ಗಂಡನನ್ನು ಒಮ್ಮೆ ಮಾತ್ರ ನೋಡಿದಳು. ಅವನು ನಗುತ್ತಿರಲಿಲ್ಲ. ಹೊಸ ಅಚ್ಚು ಬಂದಾಗ ಕನ್ನಡಕ ಏರಿಸಿಕೊಂಡು ನೋಡುವಂತೆ, ಅವಳ ಕೈಗಳನ್ನೇ ನೋಡುತ್ತಿದ್ದ.

ಮಾರನೆಯ ದಿನ ಬ್ರೇಕಕ್ಕ ತಡವಾಗಿ ಎದ್ದಳು. ಅಂಗೈಯಲ್ಲಿ ಎರಡು ಬೊಬ್ಬೆ, ಸೊಂಟದಲ್ಲಿ ಹಿಡಿತ. ಮನೆ ಗುಡಿಸಿ, ಅಂಗಿ ಒಗೆದು ಹಾಕಿ, ಮಧ್ಯಾಹ್ನ ಗಂಡ ಮಾಡಿದ ಮೊಟ್ಟೆಯ ಅನ್ನ ಎರಡು ಸಲ ಬಡಿಸಿಕೊಂಡು ತಿಂದಳು. ಮೂರು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಮಾತ್ರೆ ಮತ್ತು ಪಿಸುಮಾತು, ಹೆಗಲಲ್ಲಿ ಗಿಟಾರು.

ಮುಂದಿನ ಕೋಣೆಯಲ್ಲಿ ಮಲಗಿದ್ದ ಅತ್ತೆ ಎದ್ದು ಕೂತಳು. “ಮುಗೀತಲ್ಲ ಕಾರ್ಯಕ್ರಮ? ಮತ್ತೆ ಯಾಕೆ ಬಂದ್ರಿ? ಇನ್ನೊಂದು ಒಪ್ಕೊಂಡ್ರಾ?”

“ಇಲ್ಲ,” ಎಂದಳು ಮಾತ್ರೆ.

“ಒಪ್ಕೊಳ್ಳೋರಿದ್ದೀರಾ?”

ಮೂವರೂ ಮುಖ ಮುಖ ನೋಡಿಕೊಂಡರು. ಆ ಬಗ್ಗೆ ಯಾರೂ ಯೋಚಿಸಿರಲಿಲ್ಲ.

“ಭಾನುವಾರ ಅಲ್ವಾ ಅತ್ತೆ,” ಎಂದಳು ಬ್ರೇಕಕ್ಕ.

“ಸರಿ. ಹಾಗಾದ್ರೆ ಎಷ್ಟು ಲೋಟ ಟೀ?” ಎಂದು ಅತ್ತೆ ಮೊಮ್ಮಗಳನ್ನು ಕೂಗಿದಳು.

ವಾದ್ಯಗಳ ತಂತಿ ಎಳೆದು ಸರಿಮಾಡಿಕೊಳ್ಳುವಷ್ಟರಲ್ಲಿ ಗಂಡ ಬಂದು ಬಾಗಿಲಲ್ಲಿ ನಿಂತ. ಕೈಗೆಲ್ಲ ಪ್ಲಾಸ್ಟರಿನ ಬಿಳಿ ಪುಡಿ.

“ಏನು ರೀ? ಜೋರಾಯ್ತಾ? ಇನ್ನೂ ಶುರುವೇ ಮಾಡಿಲ್ಲ.”

“ಹಾಗಲ್ಲ.” ಅವನು ಪುಡಿ ಒರೆಸಿಕೊಂಡ. “ನಿನ್ನೆ ಅರ್ಧಕ್ಕೆ ನಿಂತಿತಲ್ಲ, ಮೊದಲನೇ ಹಾಡು. ಅದು ಮುಂದೆ ಹೇಗೆ ಹೋಗುತ್ತೆ? ಬೆಳಗಿಂದ ಅದೇ ತಲೇಲಿ ಸುತ್ತುತ್ತಿದೆ. ಅಲ್ಲಿಗೆ ಬಂದು ನಿಂತುಬಿಡುತ್ತೆ.”

ಮಂಚ ಸಾಗಿಸಿದ ದಿನ ಮತ್ತೆ ಇಲ್ಲಿಗೇ ಬಂದು ಸ್ಟೂಲಿನ ಪಕ್ಕದಲ್ಲಿದ್ದ ಹಳೆ ಟ್ರಂಕನ್ನು ಬ್ರೇಕಕ್ಕ ಕಾಲಿನಿಂದ ಅವನ ಕಡೆಗೆ ತಳ್ಳಿದಳು. ಅವನು ಅದರ ಮೇಲೆ ಕೂತ. ಅವಳು ಕೋಲುಗಳನ್ನೆತ್ತಿ, ಅವಸರವಿಲ್ಲದೆ, ನಾಲ್ಕು ಎಣಿಸಿದಳು.